ಗಡಿಯಲ್ಲಿರುವ ಯೋಧರಿಗೆ ಪಾರ್ಸೆಲ್ ಕಳಿಸುವುದು ಹೇಗೆ? ಹೆಸರು ಹುಡುಕುವುದರಿಂದ ಅಂಚೆ ಕಚೇರಿಯವರೆಗೆ

ರಾಖಿ ಹಬ್ಬ, ದೀಪಾವಳಿ ಹತ್ತಿರ ಬಂದಾಗ ಶಾಲೆಗಳಲ್ಲಿ, ಮಹಿಳಾ ಮಂಡಳಿಗಳಲ್ಲಿ, ಅಪಾರ್ಟ್‌ಮೆಂಟ್ ಸಂಘಗಳಲ್ಲಿ ಒಂದು ಮಾತು ಬಂದೇ ಬರುತ್ತದೆ: ಗಡಿಯಲ್ಲಿರುವ ಯೋಧರಿಗೆ ಏನಾದರೂ ಕಳಿಸೋಣ. ಎರಡೇ ದಿನದಲ್ಲಿ ಬಿಸ್ಕೆಟ್, ಸಿಹಿ, ಸಾಕ್ಸ್ ಎಲ್ಲಾ ರಾಶಿ ಬೀಳುತ್ತವೆ. ಆಮೇಲೆ ಪ್ರಶ್ನೆ ಶುರು. ಯಾರಿಗೆ ಕಳಿಸೋದು? ವಿಳಾಸ ಯಾವುದು? ಎಷ್ಟು ದಿನಕ್ಕೆ ಹೋಗುತ್ತೆ? ಹೀಗೆ ಉತ್ತರ ಸಿಗದೆ ಶಾಲೆಯ ಮೂಲೆಯಲ್ಲೇ ಉಳಿದು ಹಾಳಾದ ಡಬ್ಬಗಳನ್ನು ನಾನು ನೋಡಿದ್ದೇನೆ.

ಆದ್ದರಿಂದ ಈ ಕೆಲಸವನ್ನು ಇನ್ನೊಂದು ತುದಿಯಿಂದ ಶುರು ಮಾಡಬೇಕು. ಮೊದಲು ಒಬ್ಬ ಯೋಧನ ಹೆಸರು, ಆಮೇಲೆ ವಿಳಾಸ, ಆಮೇಲೆ ಅವರಿಗೆ ಏನು ಬೇಕು ಅನ್ನುವುದು. ಡಬ್ಬ ಕೊನೆಗೆ.

ಮೊದಲು ಹೆಸರು

'ಸಿಯಾಚಿನ್‌ನಲ್ಲಿರುವ ಯೋಧರಿಗೆ' ಅಂತ ಬರೆದ ಪಾರ್ಸೆಲ್ ಯಾರ ಕೈಗೆ ಕೊಡಬೇಕು ಅನ್ನುವುದು ಅಂಚೆಯವರಿಗೆ ತಿಳಿಯುವುದಿಲ್ಲ. ಒಬ್ಬ ವ್ಯಕ್ತಿಯ ಹೆಸರು ಬೇಕು. ಇದು ಕಷ್ಟವಲ್ಲ. ಕರ್ನಾಟಕದ ಬಹುತೇಕ ತಾಲ್ಲೂಕುಗಳಲ್ಲಿ 'ಮಗ ಮಿಲಿಟ್ರಿಯಲ್ಲಿದಾನೆ' ಅನ್ನುವ ಮನೆಗಳಿವೆ. ಕೊಡಗು, ಬೆಳಗಾವಿ, ಧಾರವಾಡ ಕಡೆಯಂತೂ ಹುಡುಕುವುದೇ ಬೇಡ.

ಮೊದಲು ಆ ಮನೆಗೆ ಹೋಗಿ. ಅಪ್ಪ, ಅಮ್ಮ, ಹೆಂಡತಿ ಯಾರಿದ್ದರೂ ಸರಿ, ವಿಷಯ ಹೇಳಿ. ಅವರು ಫೋನಿನಲ್ಲಿ ಯೋಧನನ್ನು ಕೇಳಿ, ಒಪ್ಪಿಗೆ ಸಿಕ್ಕ ಮೇಲೆ ವಿಳಾಸ ಕೊಡಲಿ. ಒಪ್ಪಿಗೆ ಇಲ್ಲದೆ ಬೇರೆ ದಾರಿಯಿಂದ ವಿಳಾಸ ತೆಗೆದುಕೊಳ್ಳಬೇಡಿ.

ಪರಿಚಯದ ಮನೆ ಇಲ್ಲದಿದ್ದರೆ ತಾಲ್ಲೂಕಿನ ಮಾಜಿ ಸೈನಿಕರ ಸಂಘ ಇದೆ. ನಿವೃತ್ತ ಸುಬೇದಾರರೊಬ್ಬರು ಜೊತೆಗಿದ್ದರೆ ಅರ್ಧ ಕೆಲಸ ಮುಗಿದಂತೆ. ಯಾವುದು ನಡೆಯುತ್ತೆ, ಯಾವುದು ನಡೆಯಲ್ಲ ಅಂತ ಅವರಿಗೆ ಸರಿಯಾಗಿ ಗೊತ್ತಿರುತ್ತದೆ. ರಾಜ್ಯ ಸರ್ಕಾರದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯಲ್ಲೂ ಕೇಳಬಹುದು. ಎಲ್ಲ ಜಿಲ್ಲೆಯಲ್ಲೂ ಈ ಕಚೇರಿ ಇಲ್ಲ. ಕೆಲವು ಕಚೇರಿಗಳು ಅಕ್ಕಪಕ್ಕದ ಜಿಲ್ಲೆಗಳನ್ನೂ ನೋಡಿಕೊಳ್ಳುತ್ತವೆ. ಕಾಲೇಜಿನಲ್ಲಿ ಎನ್‌ಸಿಸಿ ಇದ್ದರೆ ಅಲ್ಲಿನ ಅಧಿಕಾರಿಯ ಮೂಲಕವೂ ದಾರಿ ಸಿಗುತ್ತದೆ.

ಫೇಸ್‌ಬುಕ್‌ನಲ್ಲಿ, ವಾಟ್ಸಾಪ್ ಗುಂಪುಗಳಲ್ಲಿ 'ಯೋಧರ ವಿಳಾಸ ಇದ್ದರೆ ಹಾಕಿ' ಅಂತ ಕೇಳುವುದು ಬೇಡ. ಯಾರು ಎಲ್ಲಿದ್ದಾರೆ ಅನ್ನುವ ಮಾಹಿತಿ ಹೀಗೆ ಒಂದೇ ಕಡೆ ಸೇರುವುದು ಒಳ್ಳೆಯದಲ್ಲ.

ಶುರುವಿಗೆ ನಾಲ್ಕೈದು ಹೆಸರು ಸಾಕು. ನೂರು ಡಬ್ಬ ಕಳಿಸುವ ಆಸೆಯನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಿ.

ವಿಳಾಸದಲ್ಲಿ ಊರು ಇರುವುದಿಲ್ಲ

ಸೇನೆಯ ಅಂಚೆ ವಿಳಾಸವನ್ನು ಮೊದಲ ಸಲ ನೋಡಿದವರು ಇದೇನು, ಊರೇ ಇಲ್ಲವಲ್ಲ ಅಂತಾರೆ. ಊರು ಬೇಕಂತಲೇ ಬಿಟ್ಟಿರುವುದು. ವಿಳಾಸದಲ್ಲಿ ಇಷ್ಟೇ ಇರುತ್ತದೆ: ಸೇನಾ ಸಂಖ್ಯೆ, ಹುದ್ದೆ, ಹೆಸರು, ಕಂಪನಿ (ಯೂನಿಟ್ ಒಳಗಿನ ತುಕಡಿ), ಯೂನಿಟ್, 9ರಿಂದ ಶುರುವಾಗುವ ಆರು ಅಂಕಿಯ ಪಿನ್, ಕೊನೆಗೆ 'ಕೇರ್ ಆಫ್ 56 ಎಪಿಒ' ಅಥವಾ 'ಕೇರ್ ಆಫ್ 99 ಎಪಿಒ'. ಎಪಿಒ ಅಂದರೆ ಆರ್ಮಿ ಪೋಸ್ಟ್ ಆಫೀಸ್, ಸೇನೆಯ ಅಂಚೆ ಕಚೇರಿ.

ನಮ್ಮ ದೇಶದ ಪಿನ್ ಕೋಡ್‌ಗಳಲ್ಲಿ 9ನೇ ವಲಯ ಸೇನಾ ಅಂಚೆಗೇ ಮೀಸಲು. ನೀವು ಹಾವೇರಿಯಲ್ಲಿ ಕೊಟ್ಟ ಪಾರ್ಸೆಲ್ 56 ಎಪಿಒ ಆಗಿದ್ದರೆ ದೆಹಲಿಯ ಬೇಸ್ ಪೋಸ್ಟ್ ಆಫೀಸ್‌ಗೆ ಹೋಗುತ್ತದೆ, 99 ಎಪಿಒ ಆಗಿದ್ದರೆ ಕೋಲ್ಕತ್ತಾಗೆ. ಅಲ್ಲಿಂದ ಮುಂದೆ ಸೇನಾ ಅಂಚೆ ಸೇವೆಯವರ ಕೆಲಸ. 1972ರ ಮಾರ್ಚ್ 1ರಿಂದ ಇದು ಸೇನೆಯಲ್ಲಿ ಒಂದು ಪ್ರತ್ಯೇಕ ದಳ. ಆ ಯೂನಿಟ್ ಇವತ್ತು ಎಲ್ಲಿದೆ ಅಂತ ಅವರಿಗೆ ಗೊತ್ತು. ಯೂನಿಟ್ ಜಾಗ ಬದಲಿಸಿದರೂ ಡಾಕ್ ಅದರ ಹಿಂದೆಯೇ ಹೋಗುತ್ತದೆ. ಸೇನೆಯ ಸ್ಥಳೀಯ ಅಂಚೆ ಕಚೇರಿಯಾದ ಫೀಲ್ಡ್ ಪೋಸ್ಟ್ ಆಫೀಸ್‌ಗೆ ಯೂನಿಟ್‌ನವರೊಬ್ಬರು ಬಂದು ಡಾಕ್ ತೆಗೆದುಕೊಂಡು ಹೋಗುತ್ತಾರೆ.

ಇಲ್ಲಿ ಗಮನಿಸಬೇಕಾದ್ದು ಮೂರು. ಒಂದು, ಅವರು ಕೊಟ್ಟ ವಿಳಾಸವನ್ನು ಅಕ್ಷರ ಬಿಡದೆ ಹಾಗೇ ಬರೆಯಿರಿ. 'ಸುಲಭವಾಗಲಿ' ಅಂತ ಲಡಾಖ್, ಕಾಶ್ಮೀರ ಅಂತ ಸೇರಿಸಬೇಡಿ. ಸೇರಿಸಿದರೆ ಡಬ್ಬ ಸೇನಾ ಅಂಚೆಯ ದಾರಿ ಬಿಟ್ಟು ನಾಗರಿಕ ಅಂಚೆಯಲ್ಲಿ ಸುತ್ತಬಹುದು, ಜೊತೆಗೆ ಯೂನಿಟ್ ಎಲ್ಲಿದೆ ಅಂತ ನೀವೇ ಬರೆದು ಕೊಟ್ಟಂತಾಗುತ್ತದೆ. ಎರಡು, ಹೊರಗಿನ ವಿಳಾಸ ಇಂಗ್ಲಿಷ್ ಅಥವಾ ಹಿಂದಿಯಲ್ಲಿರಲಿ. ದೆಹಲಿಯಲ್ಲಿ ವಿಂಗಡಿಸುವವರಿಗೆ ಕನ್ನಡ ಓದಲು ಬರುತ್ತೆ ಅಂತ ನಂಬಿಕೊಂಡು ಕೂರಲು ಆಗುವುದಿಲ್ಲ. ಕನ್ನಡ ಎಲ್ಲಾ ಡಬ್ಬದ ಒಳಗಿರಲಿ. ಮೂರು, ಅಂಚೆ ಇಲಾಖೆಯ ಸ್ಪೀಡ್ ಪೋಸ್ಟ್ ಅಥವಾ ಪಾರ್ಸೆಲ್ ಸೇವೆಯಲ್ಲೇ ಕಳಿಸಿ. ಖಾಸಗಿ ಕೊರಿಯರ್‌ನವರು ಸಾಮಾನ್ಯವಾಗಿ ಎಪಿಒ ವಿಳಾಸಕ್ಕೆ ತೆಗೆದುಕೊಳ್ಳುವುದಿಲ್ಲ.

ನೌಕಾಪಡೆಯ ಹಡಗಿನಲ್ಲಿರುವವರಿಗೆ ಫ್ಲೀಟ್ ಮೇಲ್ ಆಫೀಸ್ ಮೂಲಕ ಡಾಕ್ ಹೋಗುತ್ತದೆ. ಬಿಎಸ್‌ಎಫ್, ಐಟಿಬಿಪಿ, ಸಿಆರ್‌ಪಿಎಫ್‌ನಂಥ ಅರೆಸೇನಾ ಪಡೆಗಳಲ್ಲಿರುವ ನಮ್ಮ ಹುಡುಗರೂ ಜಾಸ್ತಿ ಇದ್ದಾರೆ. ಸೇನೆ ಅಂದಾಕ್ಷಣ ಇವರನ್ನು ಮರೆಯಬೇಡಿ. ಅವರ ವಿಳಾಸ ಬೇರೆ ಥರ ಇರಬಹುದು, ಮನೆಯವರು ಹೇಳಿದ್ದನ್ನೇ ಬರೆಯಿರಿ.

ಎಲ್ಲಿದ್ದಾರೆ ಅಂತ ಕೇಳಬೇಡಿ, ಚಳಿಯೋ ಸೆಕೆಯೋ ಕೇಳಿ

56 ಎಪಿಒ ಅಂದರೆ ಹಿಮದ ಮೇಲಿನ ಚೌಕಿ ಆಗಬಹುದು, ರಾಜಸ್ಥಾನದ ಮರಳೂ ಆಗಬಹುದು. ವಿಳಾಸ ನೋಡಿ ಗೊತ್ತಾಗುವುದಿಲ್ಲ. ಜಾಗದ ಹೆಸರು ನಮಗೆ ಬೇಡ. 'ಈಗ ಅಲ್ಲಿ ಚಳಿ ಜಾಸ್ತಿನಾ, ಸೆಕೆ ಜಾಸ್ತಿನಾ, ಮಳೆನಾ?' ಅಂತ ಮನೆಯವರನ್ನು ಕೇಳಿದರೆ ಸಾಕು. ಈ ಒಂದು ಪ್ರಶ್ನೆಯ ಮೇಲೆ ಡಬ್ಬದ ಒಳಗಿನದೆಲ್ಲಾ ನಿಂತಿದೆ.

ಸಿಯಾಚಿನ್ ಅಂದರೇನು ಅಂತ ನಮ್ಮ ರಾಜ್ಯಕ್ಕೆ ಚೆನ್ನಾಗಿ ಗೊತ್ತು. ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು ಸೇನೆಯ ಮದ್ರಾಸ್ ರೆಜಿಮೆಂಟ್‌ನ 19ನೇ ಬೆಟಾಲಿಯನ್‌ನವರು. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಅವರಿದ್ದ 19,600 ಅಡಿ ಎತ್ತರದ ಸೋನಮ್ ಚೌಕಿ ಹಿಮಪಾತದಲ್ಲಿ ಹೂತುಹೋಯಿತು. ಜೊತೆಗಿದ್ದ 9 ಯೋಧರು ಉಳಿಯಲಿಲ್ಲ. ಆರು ದಿನದ ನಂತರ ಹಿಮದಡಿಯಿಂದ ಜೀವಂತವಾಗಿ ಹೊರಬಂದ ಹನುಮಂತಪ್ಪ ಫೆಬ್ರುವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಅಂಥ ಚೌಕಿಗಳಿಗೆ ಸಾಮಾನು ಹೋಗುವುದು ಸಣ್ಣ ಚೀತಾ ಹೆಲಿಕಾಪ್ಟರ್‌ಗಳಲ್ಲಿ ಮತ್ತು ಯೋಧರ ಬೆನ್ನ ಮೇಲೆ. ಹೆಲಿಕಾಪ್ಟರ್ ಅಷ್ಟು ಎತ್ತರದಲ್ಲಿ ಹೊರುವ ತೂಕ ತುಂಬಾ ಕಡಿಮೆ. ನೀವು ಹಾಕುವ ಪ್ರತಿ ನೂರು ಗ್ರಾಂ ಯಾರೋ ಹೊರಬೇಕು. ಇದನ್ನು ನೆನಪಿಟ್ಟುಕೊಂಡರೆ ಬೇಡದ್ದು ತಾನೇ ಕಡಿಮೆಯಾಗುತ್ತದೆ.

ಚಳಿಯ ಜಾಗಕ್ಕೆ ನೀರಿನಂಥದ್ದು ಏನೂ ಬೇಡ. 2019ರಲ್ಲಿ ಸಿಯಾಚಿನ್ ಯೋಧರು ಕಲ್ಲಾದ ಹಣ್ಣಿನ ರಸ, ಮೊಟ್ಟೆಗಳನ್ನು ಸುತ್ತಿಗೆಯಿಂದ ಹೊಡೆಯುವ ವಿಡಿಯೊ ಓಡಾಡಿತ್ತು, ನೋಡಿರಬಹುದು. ಸೆಕೆಯ ಜಾಗಕ್ಕೆ ಚಾಕೊಲೇಟ್ ಬೇಡ, ಬೆಲ್ಲದ ಪಾಕ ಎಳೆಯದಾಗಿರುವ ಉಂಡೆಯೂ ಬೇಡ, ಕರಗಿ ಅಂಟಾಗುತ್ತದೆ. ಈಶಾನ್ಯದ ಮಳೆ ಕಾಡಿಗೆ ಹೋಗುವುದಾದರೆ ಚಕ್ಕುಲಿ, ನಿಪ್ಪಟ್ಟು ಗಾಳಿಯಾಡದ ಕವರಿನಲ್ಲೇ ಇರಬೇಕು. ಇಲ್ಲದಿದ್ದರೆ ಮೆತ್ತಗಾಗಿ ಮುಗ್ಗಲು ವಾಸನೆ ಬರುತ್ತದೆ.

ಏನು ಹಾಕಬೇಕು

ಊಟಕ್ಕೆ ಯೋಧರಿಗೆ ಕೊರತೆ ಇದೆ ಅಂದುಕೊಳ್ಳಬೇಡಿ. ರೇಷನ್ ಸೇನೆ ಕೊಡುತ್ತದೆ, ಹಿಮದ ಬಟ್ಟೆಯನ್ನೂ ಕೊಡುತ್ತದೆ. ನಾವು ಪೇಟೆಯಲ್ಲಿ ಕೊಳ್ಳುವ ಸ್ವೆಟರ್, ಗ್ಲೌಸ್ ಅಲ್ಲಿನ ಚಳಿಗೆ ಸಾಲುವುದಿಲ್ಲ. ಕಂಬಳಿ, ಹಳೇ ಬಟ್ಟೆ ಖಂಡಿತ ಬೇಡ. ನಾವು ಕಳಿಸಬಹುದಾದ್ದು ಲಂಗರ್‌ನಲ್ಲಿ (ಯೋಧರ ಅಡುಗೆಮನೆಯಲ್ಲಿ) ಸಿಗದ ಊರಿನ ರುಚಿ, ಕೈಗೆ ಬಾಯಿಗೆ ಬೇಕಾಗುವ ಸಣ್ಣಪುಟ್ಟದ್ದು, ಮತ್ತು ನಾಲ್ಕು ಸಾಲು ಪತ್ರ.

ತಿಂಡಿಯಲ್ಲಿ ಒಂದು ಗೆರೆ ಎಳೆದುಕೊಳ್ಳಿ. ಮನೆಯಲ್ಲಿ ಮಾಡಿದ್ದು ಯೋಧನ ಮನೆಯಿಂದಲೇ, ಅಥವಾ ಅವರಿಗೆ ಚೆನ್ನಾಗಿ ಪರಿಚಯ ಇರುವವರಿಂದಲೇ ಹೋಗಲಿ. ಗುರುತಿಲ್ಲದವರು ಕಳಿಸಿದ ಮನೆ ತಿಂಡಿಯನ್ನು ಯೂನಿಟ್‌ನವರು ಅನುಮಾನದಿಂದ ನೋಡುವುದು ಸಹಜ, ನೋಡಲೂಬೇಕು. ನೀವು ಹೊರಗಿನವರಾಗಿದ್ದರೆ ಅಂಗಡಿಯ ಸೀಲ್ ಪ್ಯಾಕೆಟ್, ಅದರ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಸಂಖ್ಯೆ, ತಯಾರಿಸಿದ ದಿನಾಂಕ, ಕೆಡುವ ದಿನಾಂಕ ಇರುವಂಥದ್ದೇ ಕಳಿಸಿ. ಅವಧಿ ಕನಿಷ್ಠ ಮೂರು ತಿಂಗಳಾದರೂ ಬಾಕಿ ಇರಲಿ.

ನಮ್ಮ ಕಡೆಯ ತಿಂಡಿಗಳಲ್ಲಿ ಪ್ರಯಾಣಕ್ಕೆ ಹೇಳಿ ಮಾಡಿಸಿದವು ಇವೆ. ಗೋಕಾಕ, ಅಮೀನಗಡದ ಕರದಂಟು ಎಲ್ಲಕ್ಕಿಂತ ಮೇಲು. ಅಂಟು, ಬೆಲ್ಲ, ಒಣ ಹಣ್ಣು ಸೇರಿ ಗಟ್ಟಿಯಾಗಿರುತ್ತದೆ, ಚಳಿಯಲ್ಲಿ ಶಕ್ತಿಯೂ ಹೌದು. ಎತ್ತರದ ಜಾಗದಲ್ಲಿ ಹಸಿವೇ ಸತ್ತುಹೋಗುತ್ತದೆ, ತಟ್ಟೆ ತುಂಬಾ ಉಣ್ಣಲು ಮನಸ್ಸಾಗುವುದಿಲ್ಲ. ಆಗ ಇಂಥ ಒಂದು ತುಂಡು ಬಾಯಿಗೆ ಹೋಗುತ್ತದೆ. ಶೇಂಗಾ ಚಿಕ್ಕಿ, ಹುರಿಗಡಲೆ, ಗೋಡಂಬಿ, ದ್ರಾಕ್ಷಿ ಕೂಡ ಚೆನ್ನ. ಶೇಂಗಾ ಚಟ್ನಿಪುಡಿ, ಅಗಸಿ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿ ಇವು ತೂಕಕ್ಕೆ ಹಗುರ, ದಿನವೂ ಅದೇ ದಾಲ್ ರೊಟ್ಟಿ ತಿನ್ನುವವರಿಗೆ ದೊಡ್ಡ ಖುಷಿ. ಉತ್ತರ ಕರ್ನಾಟಕದವರಾದರೆ ಖಡಕ್ ಸಜ್ಜೆ ರೊಟ್ಟಿಯನ್ನು ಗಟ್ಟಿ ಡಬ್ಬಿಯಲ್ಲಿ ಜೋಡಿಸಿ ಕಳಿಸಬಹುದು, ಸ್ವಲ್ಪ ಮುರಿದರೂ ಪರವಾಗಿಲ್ಲ. ಶೇಂಗಾ ಹೋಳಿಗೆ ಹದಿನೈದು ದಿನ ತಡೆಯುತ್ತದೆ, ಆದರೆ ಡಾಕ್ ಅಷ್ಟರಲ್ಲಿ ತಲುಪುತ್ತೆ ಅನ್ನುವ ಭರವಸೆ ಇಲ್ಲ. ಬೆಳಗಾವಿ ಕುಂದಾ, ಪೇಡ, ಮೈಸೂರು ಪಾಕ್, ಹಸಿ ಕೊಬ್ಬರಿ ಹಾಕಿದ್ದು, ಹಾಲಿನದು ಯಾವುದೂ ಬೇಡ. ಅವನ್ನು ರಜೆಗೆ ಬಂದಾಗ ತಿನ್ನಿಸಿ.

ಉಪ್ಪಿನಕಾಯಿಯನ್ನು ಎಲ್ಲರೂ ಕೇಳುತ್ತಾರೆ. ಎಣ್ಣೆ ಸೋರಿದರೆ ನಿಮ್ಮದೊಂದೇ ಅಲ್ಲ, ಚೀಲದಲ್ಲಿರುವ ಬೇರೆಯವರ ಪತ್ರಗಳೂ ಹಾಳು. ಕಳಿಸಲೇಬೇಕೆಂದರೆ ಕಂಪನಿಯ ಸಣ್ಣ ಸ್ಯಾಶೆಗಳನ್ನು ಎರಡು ಜಿಪ್ ಕವರಿನಲ್ಲಿಟ್ಟು ಕಳಿಸಿ. ಗಾಜಿನ ಬಾಟಲಿ ಬೇಡವೇ ಬೇಡ.

ತಿಂಡಿ ಬಿಟ್ಟು ಬೇರೆ ಏನು? ತುಟಿ ಒಡೆಯದಂತೆ ಹಚ್ಚುವ ಲಿಪ್ ಬಾಮ್, ಟ್ಯೂಬಿನಲ್ಲಿರುವ ಕೋಲ್ಡ್ ಕ್ರೀಮ್, ಸನ್‌ಸ್ಕ್ರೀನ್, ಉಣ್ಣೆ ಸಾಕ್ಸ್, ಫಿಲ್ಟರ್ ಕಾಫಿಯ ಬದಲು ಇನ್‌ಸ್ಟಂಟ್ ಕಾಫಿ ಸ್ಯಾಶೆ, ಸೂಜಿ ದಾರ, ಪೆನ್ನು, ಒಂದು ಕಟ್ಟು ಇಸ್ಪೀಟ್, ಮಡಚುವ ಲೂಡೊ ಅಥವಾ ಚೆಸ್. ಓದುವವರಿಗೆ ಕನ್ನಡ ಕಥೆ ಪುಸ್ತಕ, ಪದಬಂಧದ ಪುಸ್ತಕ. ನೆಟ್‌ವರ್ಕ್ ಇಲ್ಲದ ಚೌಕಿಯಲ್ಲಿ ಒಂದು ಪದಬಂಧ ಎಷ್ಟು ಜನರ ಕೈ ದಾಟುತ್ತದೆ ಅಂತ ರಜೆಗೆ ಬಂದವರನ್ನು ಕೇಳಿ ನೋಡಿ.

ಇನ್ನೊಂದು ಮುಖ್ಯ ವಿಷಯ. ಡಬ್ಬ ಒಬ್ಬರ ಹೆಸರಿಗೆ ಹೋದರೂ ತಿನ್ನುವುದು ಒಬ್ಬರಲ್ಲ. ಪದಾತಿ ದಳದ ಒಂದು ಸೆಕ್ಷನ್‌ನಲ್ಲಿ, ಅಂದರೆ ಸಣ್ಣ ತುಕಡಿಯಲ್ಲಿ, 10 ಜನ ಇರುತ್ತಾರೆ. ಹಂಚಿಕೊಳ್ಳುವ ಹಾಗೆ ಯೋಚಿಸಿ: ಒಂದು ಕಿಲೋದ ದೊಡ್ಡ ಪ್ಯಾಕೆಟ್‌ಗಿಂತ ನೂರು ಗ್ರಾಂನ ಹತ್ತು ಪ್ಯಾಕೆಟ್ ಮೇಲು. ಒಂದೇ ಜೊತೆ ಸಾಕ್ಸ್ ಹಾಕಿದರೆ ಒಬ್ಬರಿಗೆ ಸಿಕ್ಕಿ ಉಳಿದವರು ನೋಡಬೇಕಾಗುತ್ತದೆ. ಹಾಕಿದರೆ ಎಲ್ಲರಿಗೂ ಹಾಕಿ, ಇಲ್ಲವೇ ಬಿಡಿ. ಜೊತೆಗಿರುವವರು ತಮಿಳರು, ಮಲಯಾಳಿಗಳು, ಪಂಜಾಬಿಗಳು ಇರಬಹುದು. ಒಳಗೆ ಏನೇನಿದೆ, ಸಸ್ಯಾಹಾರವೋ ಅಲ್ಲವೋ ಅಂತ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಒಂದು ಚೀಟಿ ಬರೆದಿಡಿ.

ಬೆಂಕಿಪೊಟ್ಟಣ, ಲೈಟರ್, ಸೆಂಟು, ಸ್ಪ್ರೇ ಡಬ್ಬಿ, ಪವರ್ ಬ್ಯಾಂಕ್, ಬಿಡಿ ಬ್ಯಾಟರಿಗಳನ್ನು ಅಂಚೆಯಲ್ಲಿ ಹಾಕಬಾರದು. ಡಾಕ್ ವಿಮಾನದಲ್ಲಿ ಹೋಗುತ್ತದೆ, ಅಪಾಯ. ಮದ್ಯ, ಗುಟ್ಕಾ, ಸಿಗರೇಟು, ಮಾತ್ರೆ ಔಷಧಿ, ನಗದು ಹಣವೂ ಬೇಡ. ಪಕ್ಷದ ಕರಪತ್ರ, ರಾಜಕಾರಣಿಯ ಫೋಟೊ ಅಂಟಿಸಿದ ಡಬ್ಬ ಕೂಡ ಬೇಡ. ಪ್ರಾಯೋಜಕರು ಒತ್ತಾಯ ಮಾಡಿದರೆ ಆ ಹಣವನ್ನೇ ಬಿಡಿ.

ಪತ್ರವನ್ನು ಕೊನೇ ಗಳಿಗೆಗೆ ಬಿಡಬೇಡಿ

ತಿಂಡಿ ಎರಡು ದಿನದಲ್ಲಿ ಖಾಲಿ. ಪತ್ರ ಜೇಬಿನಲ್ಲಿ ಉಳಿಯುತ್ತದೆ. ಆದರೂ ನಾವು ಪ್ಯಾಕಿಂಗ್‌ಗೆ ಒಂದು ದಿನ ಕೊಟ್ಟು ಪತ್ರಕ್ಕೆ ಹತ್ತು ನಿಮಿಷ ಕೊಡುತ್ತೇವೆ. ಶಾಲೆಗಳಲ್ಲಿ ಬೋರ್ಡಿನ ಮೇಲೆ ಬರೆದದ್ದನ್ನು ಮಕ್ಕಳು ನಕಲು ಮಾಡುತ್ತಾರೆ, ನಲವತ್ತು ಪತ್ರದಲ್ಲೂ ಒಂದೇ ವಾಕ್ಯ. ದಯವಿಟ್ಟು ಹಾಗೆ ಮಾಡಿಸಬೇಡಿ.

ಮಗುವಿಗೆ ತನ್ನ ಊರಿನ ಬಗ್ಗೆ ಬರೆಯಲು ಹೇಳಿ. ಈ ಸಲ ಮಳೆ ಹೇಗಾಯಿತು, ಕೆರೆ ತುಂಬಿತಾ, ಜಾತ್ರೆಯಲ್ಲಿ ತೇರು ಎಷ್ಟು ದೂರ ಹೋಯಿತು, ಕಬಡ್ಡಿಯಲ್ಲಿ ಯಾವ ಓಣಿ ಗೆದ್ದಿತು, ಮನೆಯ ಎಮ್ಮೆ ಕರು ಹಾಕಿತಾ. ತಪ್ಪು ಕಾಗುಣಿತ ಇದ್ದರೆ ಇರಲಿ. ತಿದ್ದಿ ಬರೆಸಿದರೆ ಮಗುವಿನ ಮಾತು ಹೋಗಿ ಮೇಷ್ಟ್ರ ಮಾತು ಉಳಿಯುತ್ತದೆ.

ದೊಡ್ಡವರು ಬರೆಯುವಾಗ 'ಅಣ್ಣಾ', 'ತಮ್ಮಾ' ಅಂತ ಶುರು ಮಾಡಿ ನಿಮ್ಮ ಹೆಸರು, ಊರು ಹೇಳಿ. 'ನಿಮ್ಮಿಂದ ನಾವು ನೆಮ್ಮದಿಯಾಗಿ ಮಲಗುತ್ತೇವೆ' ಅನ್ನುವುದು ನಿಜವೇ, ಒಂದು ಸಾಲು ಬರೆಯಿರಿ, ಮುಂದೆ ಊರಿನ ಸುದ್ದಿಗೆ ಬನ್ನಿ. 'ಶತ್ರುಗಳನ್ನು ಬಿಡಬೇಡಿ' ಥರದ ವೀರಾವೇಶ ಬೇಡ. ಅದರ ಭಾರ ಏನು ಅಂತ ಅವರಿಗೆ ಗೊತ್ತು, ನಮಗೆ ಗೊತ್ತಿಲ್ಲ.

ಎಲ್ಲಿದ್ದೀರಿ, ಎಷ್ಟು ಜನ ಇದ್ದೀರಿ, ಯಾವಾಗ ರಜೆ ಅಂತ ಕೇಳಬೇಡಿ. ನಿಮ್ಮ ಫೋನ್ ನಂಬರ್ ಬರೆಯಬೇಡಿ, ಅವರದನ್ನೂ ಕೇಳಬೇಡಿ. ಅಪರಿಚಿತರ ಸ್ನೇಹದ ಬಲೆ ಬೀಸಿ ಮಾಹಿತಿ ಕದಿಯುವವರಿಂದಾಗಿ ಸೇನೆ ತುಂಬಾ ಎಚ್ಚರದಿಂದಿದೆ. 2020ರಲ್ಲಿ ಫೇಸ್‌ಬುಕ್ ಸೇರಿ 89 ಆ್ಯಪ್‌ಗಳನ್ನು ತೆಗೆದುಹಾಕಲು ಯೋಧರಿಗೆ ಹೇಳಿತ್ತು. ಮಕ್ಕಳ ಪತ್ರದಲ್ಲಿ ಮನೆ ವಿಳಾಸ ಬೇಡ, ಶಾಲೆಯ ವಿಳಾಸ ಇರಲಿ.

ಜೊತೆಯಲ್ಲಿ ಹಿಂದಿಯಲ್ಲೂ ಒಂದು ಪತ್ರ ಇಟ್ಟರೆ ಪಕ್ಕದವರಿಗೂ ಪಾಲು ಸಿಕ್ಕಂತಾಗುತ್ತದೆ.

ಪ್ಯಾಕಿಂಗ್

ಡಬ್ಬ ಚಿಕ್ಕದಿರಲಿ, ಮೂರು ಕಿಲೋ ಒಳಗೆ. ಅಂಚೆ ಇಲಾಖೆ ಇದಕ್ಕಿಂತ ಜಾಸ್ತಿ ತೆಗೆದುಕೊಳ್ಳುತ್ತದೆ, ಆದರೆ ಹೊರುವವರನ್ನು ನೆನೆಯಿರಿ. ದಪ್ಪ ರಟ್ಟಿನ ಹೊಸ ಡಬ್ಬ ತನ್ನಿ. ಹಳೇ ಡಬ್ಬವಾದರೆ ಮೇಲಿನ ಲೇಬಲ್, ಬಾರ್‌ಕೋಡ್ ಎಲ್ಲಾ ಕಿತ್ತುಹಾಕಿ.

ತಿಂಡಿಯ ಪ್ರತಿ ಪ್ಯಾಕೆಟ್ಟೂ ಜಿಪ್ ಕವರಿನಲ್ಲಿ. ಕ್ರೀಮ್ ಟ್ಯೂಬ್‌ಗಳು ಬೇರೆ ಕವರಿನಲ್ಲಿ, ಸೋಪಿನ ವಾಸನೆಯದೇನೂ ತಿಂಡಿಯ ಹತ್ತಿರ ಬೇಡ. ಭಾರದ್ದು ಕೆಳಗೆ, ಮುರಿಯುವಂಥದ್ದು ನಡುವೆ. ಸಂದಿಗಳಿಗೆ ನಿಮ್ಮ ಜಿಲ್ಲೆಯ ಕನ್ನಡ ಪತ್ರಿಕೆಗಳನ್ನು ಮುದುಡದೆ ಮಡಚಿ ತುಂಬಿ. ಅವನ್ನೂ ಓದುತ್ತಾರೆ, ಹಳೇ ಸುದ್ದಿಯಾದರೂ ಊರಿನ ಸುದ್ದಿ ಅಲ್ವಾ.

ಡಬ್ಬ ಮುಚ್ಚುವ ಮೊದಲು ವಿಳಾಸದ ಇನ್ನೊಂದು ಚೀಟಿಯನ್ನು ಒಳಗಿಡಿ. ಮೇಲಿನದು ಹರಿದರೂ ತಲುಪುತ್ತದೆ. ಮುಚ್ಚಿ ಅಲ್ಲಾಡಿಸಿ ನೋಡಿ, ಸದ್ದು ಬಂದರೆ ಇನ್ನಷ್ಟು ಪೇಪರ್ ತುಂಬಿ. ಎಲ್ಲ ಅಂಚಿಗೂ ಅಗಲ ಟೇಪ್ ಹಚ್ಚಿ. ವಿಳಾಸವನ್ನು ಅಳಿಸದ ಮಾರ್ಕರ್‌ನಲ್ಲಿ ಬರೆದು ಮೇಲೆ ಪಾರದರ್ಶಕ ಟೇಪ್ ಅಂಟಿಸಿ. ಕಳಿಸುವವರ ವಿಳಾಸ ಎಡಗಡೆ, ಸಣ್ಣದಾಗಿ. ಬಿಳಿ ಬಟ್ಟೆ ಹೊಲಿಯುವ ಹಳೆಯ ಪದ್ಧತಿ ಈಗ ಕಡ್ಡಾಯವಲ್ಲ, ಆದರೂ ದೂರದ ದಾರಿಗೆ ಹೊಲಿದ ಡಬ್ಬ ಚೆನ್ನಾಗಿ ತಡೆಯುತ್ತದೆ.

ಯಾವಾಗ ಕಳಿಸಬೇಕು

ಹಬ್ಬಕ್ಕೆ ಒಂದೂವರೆ ತಿಂಗಳು ಮೊದಲು. ಇದೇ ಲೆಕ್ಕ. ಶ್ರೀನಗರ–ಲೇಹ್ ದಾರಿಯಲ್ಲಿ ಸುಮಾರು 11,500 ಅಡಿ ಎತ್ತರದ ಜೊಜಿ ಲಾ ಎಂಬ ಬೆಟ್ಟದ ಕಣಿವೆದಾರಿ ಚಳಿಗಾಲದಲ್ಲಿ ಹಿಮ ಬಿದ್ದು ಮುಚ್ಚುತ್ತದೆ. ಆಗ ಡಾಕ್‌ಗೆ ವಿಮಾನವೇ ಗತಿ, ವಿಮಾನಕ್ಕೆ ಹವೆ ಕೂಡಿಬರಬೇಕು. ಚಳಿಯ ಜಾಗಕ್ಕೆ ಕಳಿಸುವುದಿದ್ದರೆ ಅಕ್ಟೋಬರ್ ಒಳಗೆ ಕಳಿಸಿಬಿಡಿ.

ರಾಖಿ, ದೀಪಾವಳಿಗೆ ದೇಶವೆಲ್ಲಾ ಕಳಿಸುತ್ತದೆ. ನಮ್ಮ ಹಬ್ಬವನ್ನೂ ಹಿಡಿದುಕೊಳ್ಳಿ. ನವೆಂಬರ್ 1ಕ್ಕೆ ತಲುಪುವ ಕನ್ನಡದ ಪತ್ರ, ಸಂಕ್ರಾಂತಿಗೆ ಎಳ್ಳುಬೆಲ್ಲ. ಎಳ್ಳುಬೆಲ್ಲದಷ್ಟು ಅಂಚೆಗೆ ಒಗ್ಗುವ ಪ್ರಸಾದ ಇನ್ನೊಂದಿಲ್ಲ: ಒಣಗಿದ್ದು, ಹಗುರ, ಹತ್ತು ಜನಕ್ಕೆ ಹಂಚಬಹುದು. ಕೊಬ್ಬರಿ ಬೇಗ ಕಮಟು ವಾಸನೆ ಹಿಡಿಯುವುದರಿಂದ ಅದನ್ನು ಬಿಟ್ಟು ಹುರಿಗಡಲೆ, ಶೇಂಗಾ ಜಾಸ್ತಿ ಹಾಕಿ. ಸಂಕ್ರಾಂತಿಯ ಹೊತ್ತಿಗೇ, ಜನವರಿ 15ಕ್ಕೆ ಸೇನಾ ದಿನ ಬರುತ್ತದೆ. 1949ರಲ್ಲಿ ಆ ದಿನ ಕೊಡಗಿನ ಕೆ.ಎಂ. ಕಾರ್ಯಪ್ಪ ಭಾರತೀಯ ಸೇನೆಯ ಮೊದಲ ಭಾರತೀಯ ಮುಖ್ಯಸ್ಥರಾದರು. ಮಕ್ಕಳ ಪತ್ರಕ್ಕೆ ಇದಕ್ಕಿಂತ ಒಳ್ಳೇ ವಿಷಯ ಬೇಕಾ?

ಬರೀ ರಾಖಿ ಕಳಿಸುವವರು ಚಪ್ಪಟೆ ನೂಲಿನ ರಾಖಿ ಆರಿಸಿ. ಉಬ್ಬಿದ ಪ್ಲಾಸ್ಟಿಕ್ ಹೂವು ಅಂಚೆಯ ಮೊಹರಿನ ಕೆಳಗೆ ಪುಡಿಯಾಗುತ್ತದೆ.

ದುಡ್ಡಿನ ಲೆಕ್ಕ ಮತ್ತು ಎಚ್ಚರ

ಗುಂಪಾಗಿ ಮಾಡುವಾಗ ಒಬ್ಬರು ಪುಸ್ತಕ ಇಟ್ಟುಕೊಳ್ಳಲಿ. ಬಂದ ಹಣ, ಕೊಂಡ ಸಾಮಾನು, ಅಂಚೆ ರಸೀದಿ ಎಲ್ಲಾ ಬರೆಯಲಿ, ಕೇಳಿದವರಿಗೆ ತೋರಿಸಲಿ. ರಸೀದಿಯ ಫೋಟೊ ಗುಂಪಿಗೆ ಹಾಕುವಾಗ ವಿಳಾಸ ಮುಚ್ಚಿ. ಡಬ್ಬಗಳ ಜೊತೆ ನಿಂತು ಫೋಟೊ ತೆಗೆಸಿಕೊಳ್ಳುವಾಗಲೂ ಅಷ್ಟೇ, ವಿಳಾಸದ ಮುಖ ಹಿಂದಕ್ಕಿರಲಿ.

ಸೈನಿಕನ ವೇಷದ ಫೋಟೊ, ನಕಲಿ ಗುರುತಿನ ಚೀಟಿ ತೋರಿಸಿ ವಾಟ್ಸಾಪ್‌ನಲ್ಲಿ ಹಣ ಕೇಳುವ ಮೋಸಗಾರರಿದ್ದಾರೆ. 'ನಮ್ಮ ಯೂನಿಟ್‌ಗೆ ಹೀಟರ್ ಬೇಕು, ಈ ನಂಬರಿಗೆ ಹಣ ಹಾಕಿ' ಅಂದರೆ ಹಾಕಬೇಡಿ. ಹಣವನ್ನೇ ಕೊಡಬೇಕು ಅನ್ನುವವರಿಗೆ ಡಿಸೆಂಬರ್ 7ರ ಸಶಸ್ತ್ರ ಪಡೆಗಳ ಧ್ವಜ ದಿನದ ನಿಧಿ ಇದೆ, ರಸೀದಿ ಸಿಗುತ್ತದೆ.

ಹಣ, ಸಮಯ ಎರಡೂ ಉಳಿದರೆ ಯೋಧನ ಮನೆಯ ಕಡೆ ನೋಡಿ. ಅಪ್ಪನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವವರಿದ್ದಾರಾ? ಪಹಣಿಯ ಕೆಲಸಕ್ಕೆ ತಾಲ್ಲೂಕು ಕಚೇರಿಗೆ ಅಲೆಯುತ್ತಿದ್ದಾರಾ? ದೂರದಲ್ಲಿರುವವನಿಗೆ ರಾತ್ರಿ ನಿದ್ದೆ ಕೆಡಿಸುವುದು ಇಂಥವು. ನೀವು ಕಳಿಸುವ ಡಬ್ಬದಲ್ಲಿ 'ಅಪ್ಪನ ಕಣ್ಣಿನ ಆಪರೇಷನ್ ಆಯಿತು, ನಾವೇ ಜೊತೆಗಿದ್ದೆವು' ಅನ್ನುವ ಸಾಲು ಸೇರಿದರೆ ಅದರ ಬೆಲೆಯೇ ಬೇರೆ.

ಕಳಿಸಿದ ಮೇಲೆ

ರಸೀದಿಯ ಸಂಖ್ಯೆ ಹಾಕಿ ನೋಡಿದಾಗ ಟ್ರ್ಯಾಕಿಂಗ್ ಬೇಸ್ ಪೋಸ್ಟ್ ಆಫೀಸ್‌ಗೆ ಬಂದು ನಿಂತಿದ್ದರೆ ಗಾಬರಿ ಬೇಡ. ಅಲ್ಲಿಂದ ಮುಂದಿನ ದಾರಿ ತೋರಿಸದೇ ಇರಬಹುದು. ಒಂದು ತಿಂಗಳು ಕಾಯಿರಿ. ಆಮೇಲೆ ಮನೆಯವರ ಮೂಲಕ ಕೇಳಿಸಿ, ನೇರವಾಗಿ ಯೂನಿಟ್‌ಗೆ ಫೋನ್ ಮಾಡಬೇಡಿ.

ಉತ್ತರ ಬರದೇ ಇರಬಹುದು. ಚೌಕಿಯಲ್ಲಿ ಇರುವವರಿಗೆ ಬರೆಯಲು ಹೊತ್ತು ಸಿಗಬೇಕು, ಬರೆದದ್ದು ಕೆಳಗೆ ಇಳಿಯಬೇಕು. ಮಕ್ಕಳಿಗೆ ಇದನ್ನು ಮೊದಲೇ ಹೇಳಿಡಿ. ಇಲ್ಲದಿದ್ದರೆ ದಿನಾ ಪೋಸ್ಟ್‌ಮ್ಯಾನ್ ದಾರಿ ಕಾಯುತ್ತಾರೆ.

ಡಬ್ಬ ವಾಪಸ್ ಬಂದರೆ ಸಾಮಾನ್ಯವಾಗಿ ಕಾರಣ ಎರಡು: ಪಿನ್‌ನಲ್ಲಿ ಒಂದು ಅಂಕಿ ತಪ್ಪು, ಅಥವಾ ಯೋಧನಿಗೆ ಬೇರೆ ಯೂನಿಟ್‌ಗೆ ಪೋಸ್ಟಿಂಗ್ ಆಗಿದೆ. ಮನೆಯವರಿಂದ ಹೊಸ ವಿಳಾಸ ತೆಗೆದುಕೊಳ್ಳಿ. ಡಬ್ಬ ಬಿಚ್ಚಿ ತಿಂಡಿಯ ದಿನಾಂಕ ನೋಡಿ, ಹಳೆಯದಾಗಿದ್ದರೆ ಬದಲಿಸಿ. ಪತ್ರಗಳನ್ನು ಹಾಗೇ ಇಟ್ಟು, ಮೇಲೆ ಇವತ್ತಿನ ತಾರೀಖು ಹಾಕಿದ ಒಂದು ಚೀಟಿ ಸೇರಿಸಿ ಮತ್ತೆ ಕಳಿಸಿ.